ಗೇರ್ ಕೂರಿಸುವ ಮುಂಚೆ ಬಳೆ ತೊಡಿಸಿ

ಮೊನ್ನೆ ಶನಿವಾರ ರಾತ್ರಿ ನಮ್ಮ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟು, ಅಂದರೆ ಕ್ರ್ಯಾಂಕ್‌ಶಾಫ್ಟ್ ಮೇಲೆ ಟೈಮಿಂಗ್ ಗೇರ್ ಕೂತಿತು. ಇದು ಎರಡನೇ ಸಲ. ಎರಡು ವಾರದ ಹಿಂದೆಯೂ ಇಷ್ಟೇ ಚೆನ್ನಾಗಿ ಕೂತಿತ್ತು. ಆದರೆ ಅದನ್ನು ಕೀಳಬೇಕಾಯಿತು. ಯಾಕೆ ಅಂತ ಬರೆದಿಡೋಣ ಅನ್ನಿಸಿತು. ಮನೆಯಲ್ಲೇ ಎಂಜಿನ್ ಬಿಚ್ಚಿ ಕಟ್ಟುತ್ತಿರುವ ಯಾರಾದರೂ ಇದನ್ನು ಓದಿ, ಅವರ ಒಂದು ಭಾನುವಾರ ಉಳಿದರೂ ನನಗೆ ಸಂತೋಷ.

ಕಾರು ಅಪ್ಪನದು. ಎಂಜಿನ್ ಹಿಂದುಗಡೆ ಇರುತ್ತದೆ, ಗಾಳಿಯಿಂದಲೇ ತಣ್ಣಗಾಗುತ್ತದೆ. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ. ಎಲ್ಲರೂ 1600 ಅಂತಾರೆ, ಲೆಕ್ಕ ಹಾಕಿದರೆ 1584 ಸಿಸಿ. ಬೋರ್ 85.5 ಮಿ.ಮೀ., ಸ್ಟ್ರೋಕ್ 69. ಈ ಕಾರನ್ನು ಮೆಕ್ಸಿಕೋದ ಪ್ಯೂಬ್ಲಾದಲ್ಲಿ 2003ರ ಜುಲೈ 30ರವರೆಗೂ ಮಾಡುತ್ತಿದ್ದರು. ಪ್ರಪಂಚದಲ್ಲೆಲ್ಲ ಸೇರಿ ಒಟ್ಟು 2 ಕೋಟಿ 15 ಲಕ್ಷಕ್ಕೂ ಜಾಸ್ತಿ ಕಾರುಗಳು. ಹಾಗಾಗಿ ಇವತ್ತಿಗೂ ಬಿಡಿಭಾಗ ಸಿಗುತ್ತದೆ, ಕೈಯಾರೆ ಕಟ್ಟುವವರೂ ಸಿಗುತ್ತಾರೆ.

ಎಂಜಿನ್ ಇಳಿಸೋಕೆ ಕಾರಣ ಎಂಡ್ ಪ್ಲೇ, ಅಂದರೆ ಕ್ರ್ಯಾಂಕ್ ಉದ್ದಕ್ಕೆ ಸರಿದಾಡುವ ಆಟ. ಹಿಂದಿನ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ತಳ್ಳಿದರೆ ಟಕ್ ಟಕ್ ಅಂತ ಕ್ರ್ಯಾಂಕ್ ಹಿಂದೆ ಮುಂದೆ ಓಡಾಡುತ್ತಿತ್ತು. ಇರಬೇಕಾದ್ದು 0.07ರಿಂದ 0.13 ಮಿ.ಮೀ., 0.15 ದಾಟಬಾರದು. ಡಯಲ್ ಗೇಜ್ ಇಟ್ಟು ನೋಡಿದರೆ 0.31 ತೋರಿಸಿತು. ಇನ್ನು ಓಡಿಸಿದರೆ ಕೇಸ್, ಅಂದರೆ ಕ್ರ್ಯಾಂಕನ್ನು ಹೊತ್ತ ಎಂಜಿನ್ನಿನ ಹೊರಕವಚ, ಕೈಬಿಟ್ಟು ಹೋಗುತ್ತದೆ. ಅಪ್ಪ ಇದ್ದಾಗ ಪ್ರತಿ 5,000 ಕಿ.ಮೀ.ಗೆ ಆಯಿಲ್ ಬದಲಾಯಿಸಿ, ತಾರೀಖು ಸಮೇತ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಆ ಪುಸ್ತಕ ಈಗಲೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ. ಅದನ್ನು ನೋಡಿದ ಮೇಲೆ ಈ ಎಂಜಿನ್ನನ್ನು ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸೇ ಬರಲಿಲ್ಲ.

ಬಿಚ್ಚಿದ್ದು, ತೊಳೆದದ್ದು, ಕೇಸನ್ನು ಅಳತೆ ನೋಡಿಸಿದ್ದು, ಇದೆಲ್ಲ ಬೇರೆ ಕಥೆ. ಕ್ರ್ಯಾಂಕ್ ಗ್ರೈಂಡಿಂಗ್ ಆಗಿ 0.25 ಅಂಡರ್‌ಸೈಜಿಗೆ, ಅಂದರೆ ಮೂಲ ಅಳತೆಗಿಂತ 0.25 ಮಿ.ಮೀ. ಸಣ್ಣಕ್ಕೆ, ಬಂತು. ನಾನು ಹೇಳಬೇಕಿರುವುದು ಆಮೇಲಿನದು.

ಈ ಎಂಜಿನ್ನಲ್ಲಿ ಟೈಮಿಂಗ್ ಚೈನ್ ಇಲ್ಲ, ಬೆಲ್ಟೂ ಇಲ್ಲ. ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಕೆಳಗೇ ಇರುತ್ತದೆ. ಕ್ರ್ಯಾಂಕ್ ಮೇಲಿನ ಗೇರಿನ ಹಲ್ಲು ನೇರವಾಗಿ ಕ್ಯಾಮ್ ಗೇರಿನ ಹಲ್ಲಿಗೆ ಸಿಕ್ಕಿ ತಿರುಗಿಸುತ್ತದೆ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು. ಕ್ರ್ಯಾಂಕ್ ಮೇಲೆ ಟೈಮಿಂಗ್ ಗೇರಿನ ಪಕ್ಕದಲ್ಲೇ ಇನ್ನೊಂದು ಗೇರ್, ಹಿತ್ತಾಳೆಯದು, ಹಲ್ಲುಗಳು ಓರೆಯಾಗಿ ಕೊರೆದಿರುತ್ತವೆ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸುವ ಸಣ್ಣ ಶಾಫ್ಟನ್ನು ಓಡಿಸುವುದು ಅದು. ಪೆಟ್ರೋಲ್ ಪಂಪಿನ ಕಡ್ಡಿಯನ್ನು ಮೇಲೆ ಕೆಳಗೆ ಆಡಿಸುವುದೂ ಅದೇ ಸಣ್ಣ ಶಾಫ್ಟು. ಅಂದರೆ ವಾಲ್ವು, ಕಿಡಿ, ಪೆಟ್ರೋಲು ಮೂರೂ ಈ ಎರಡು ಗೇರುಗಳನ್ನು ನಂಬಿಕೊಂಡಿವೆ. ಗೇರುಗಳು ಕ್ರ್ಯಾಂಕ್ ಮೇಲೆ ಕೂದಲೆಳೆಯಷ್ಟೂ ಜಾರುವಂತಿಲ್ಲ.

ಹಾಗಾಗಿಯೇ ಅವು ಬಿಗಿ. ಸುಮ್ನೆ ಕೈಯಲ್ಲಿ ತಳ್ಳಿದರೆ ಹೋಗುವುದಿಲ್ಲ. ಶಾಫ್ಟ್ ಗೇರಿನ ತೂತಿಗಿಂತ ಸ್ವಲ್ಪ ದಪ್ಪ ಇರುತ್ತದೆ, ಬೇಕಂತಲೇ. ನನ್ನ ಮೈಕ್ರೋಮೀಟರಿನ ಅಳತೆಯಲ್ಲಿ ಆ ವ್ಯತ್ಯಾಸ 0.03 ಮಿ.ಮೀ. ಇತ್ತು. ನಡುವೆ ಒಂದು ಅರ್ಧಚಂದ್ರದ ಕೀ ಇರುತ್ತದೆ, ನಿಜ. ಗೇರನ್ನು ಹಿಡಿದುಕೊಂಡಿರುವುದು ಆ ಕೀ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕೀ ಮುಖ್ಯವಾಗಿ ಗೇರ್ ಯಾವ ಕೋನದಲ್ಲಿ ಕೂರಬೇಕು ಅಂತ ಜಾಗ ತೋರಿಸುತ್ತದೆ. ಹಿಡಿದುಕೊಳ್ಳುವುದು ಬಿಗಿ.

ಹಳೆಯ ಟೈಮಿಂಗ್ ಗೇರ್ ಕಿತ್ತಾಗ ನನಗೆ ನಿಜವಾಗಿ ಬೇಜಾರಾಯಿತು. ಅದರ ಮುಖದ ಮೇಲೆ ನಾಲ್ಕು ಕಡೆ ಗುಳಿ ಬಿದ್ದಿತ್ತು. ಹಿಂದೆ ಯಾವಾಗಲೋ ಈ ಎಂಜಿನ್ ಒಂದು ಸಲ ಓವರ್‌ಹಾಲ್ ಆಗಿದೆ. ಆಗ ಯಾರೋ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಗೇರನ್ನು ಇಳಿಸಿದ್ದಾರೆ. ಒಂದು ಗುಳಿ ಹಲ್ಲಿನ ಬುಡಕ್ಕೇ ಬಿದ್ದು, ಅಲ್ಲೊಂದು ಚೂರು ಎದ್ದು ಹೋಗಿತ್ತು. ಶಾಫ್ಟ್ ಮೇಲೆ ಗೇರ್ ಕೂರುವ ಜಾಗದಲ್ಲಿ ಉದ್ದಕ್ಕೆ ಒಂದು ಗೀರು. ಗೇರ್ ಸ್ವಲ್ಪ ಓರೆಯಾಗಿ ಹೋಗುತ್ತಾ, ಹೊಡೆತಕ್ಕೆ ನೇರವಾಗುತ್ತಾ, ಮತ್ತೆ ಓರೆಯಾಗುತ್ತಾ ಇಳಿದ ಗುರುತು ಅದು. ಇಷ್ಟು ವರ್ಷ ಅಪ್ಪನ ಕಾರು ಆ ಪೆಟ್ಟು ತಿಂದ ಹಲ್ಲಿನ ಮೇಲೇ ಓಡಿದೆ. ಎಂಜಿನ್ ಯಾಕೋ ಸ್ವಲ್ಪ ಕೊರಗುಟ್ಟುತ್ತದೆ ಅಂತ ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು.

ಹೊಸ ಗೇರ್ ಬಂದ ದಿನವೇ ಒಂದು ತೀರ್ಮಾನ ಮಾಡಿದೆ. ಇದಕ್ಕೆ ಒಂದೇ ಒಂದು ಏಟೂ ಬೀಳಬಾರದು.

ಏಟು ಬೇಡ ಅಂದರೆ ಕಾಯಿಸಬೇಕು. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವವರು ಮಾಡುತ್ತಿದ್ದದ್ದೂ ಇದನ್ನೇ. ಪಟ್ಟಿ ಕಾದಾಗ ಹಿಗ್ಗುತ್ತದೆ, ಚಕ್ರದ ಮೇಲೆ ಸಲೀಸಾಗಿ ಬೀಳುತ್ತದೆ, ತಣ್ಣಗಾದಾಗ ಬಿಗಿಯುತ್ತದೆ. ಇದನ್ನು ಹೇಳಿದಾಗ ಒಂಬತ್ತನೇ ಕ್ಲಾಸಿನ ನನ್ನ ಮಗಳು ಒಳ್ಳೆ ಪ್ರಶ್ನೆ ಕೇಳಿದಳು.

“ಅಪ್ಪಾ, ಕಾಯಿಸಿದ್ರೆ ಲೋಹ ಎಲ್ಲಾ ಕಡೆಗೂ ಹಿಗ್ಗುತ್ತೆ ಅಲ್ವಾ? ಹಾಗಾದ್ರೆ ಒಳಗಡೆಗೂ ಹಿಗ್ಗಿ ತೂತು ಸಣ್ಣ ಆಗ್ಬೇಕಲ್ವಾ?”

“ನಿನ್ನ ಕೈಯಲ್ಲಿರೋ ಬಳೆನ ಒಂದು ಕಡೆ ಕತ್ತರಿಸಿ ನೇರ ಮಾಡಿದೀವಿ ಅಂದ್ಕೋ. ಈಗ ಅದೊಂದು ಕಡ್ಡಿ. ಕಾಯಿಸಿದ್ರೆ ಏನಾಗುತ್ತೆ?”

“ಉದ್ದ ಆಗುತ್ತೆ.”

“ಆ ಉದ್ದ ಆದ ಕಡ್ಡಿನ ಮತ್ತೆ ಸುತ್ತಿ ಬಳೆ ಮಾಡು.”

ಅವಳು ಬಳೆಯನ್ನು ಒಂದು ಕ್ಷಣ ತಿರುಗಿಸಿ ನೋಡಿದಳು. “ದೊಡ್ಡ ಬಳೆ ಆಗುತ್ತೆ,” ಅಂದಳು. ಅಷ್ಟೇ ವಿಷಯ. ತೂತೂ ಹಿಗ್ಗುತ್ತದೆ, ಆ ತೂತಿನ ಜಾಗದಲ್ಲಿ ಲೋಹವೇ ತುಂಬಿದ್ದರೆ ಎಷ್ಟು ಹಿಗ್ಗುತ್ತಿತ್ತೋ ಅಷ್ಟೇ.

ಎಷ್ಟು ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು, ಅಂದಾಜು ಸಾಲದು. ಉಕ್ಕು ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ. ಗೇರ್ ಕೂರುವ ಜಾಗ 40 ಮಿ.ಮೀ.ಗಿಂತ ಚೂರು ದಪ್ಪ, ಲೆಕ್ಕಕ್ಕೆ 40 ಅಂತಲೇ ಇಟ್ಟುಕೊಂಡೆ. ಆಗ ಒಂದು ಡಿಗ್ರಿಗೆ ಅರ್ಧ ಮೈಕ್ರಾನಿಗೂ ಕಮ್ಮಿ, 0.48. ಮನೆಯೊಳಗಿನ 25 ಡಿಗ್ರಿಯಿಂದ 170ಕ್ಕೆ ಕಾಯಿಸಿದರೆ 145 ಡಿಗ್ರಿ ಏರಿತು. ತೂತು ಹತ್ತಿರ ಹತ್ತಿರ 70 ಮೈಕ್ರಾನ್ ದೊಡ್ಡದಾಯಿತು. ಬಿಗಿಯ 30 ಕಳೆದರೆ 40 ಉಳಿಯಿತು. ಶಾಫ್ಟಿನ ಸುತ್ತ ಒಂದೊಂದು ಬದಿಗೆ 20 ಮೈಕ್ರಾನ್ ಸಡಿಲ. ಒಂದು ತಲೆಗೂದಲಿನ ದಪ್ಪವೇ 70ರ ಆಸುಪಾಸು ಇರುತ್ತದೆ. ನಮಗೆ ಸಿಕ್ಕಿರುವ ಜಾಗ ಅದರಲ್ಲಿ ಮೂರರಲ್ಲೊಂದು ಪಾಲೂ ಇಲ್ಲ.

ಇನ್ನೂ ಜಾಸ್ತಿ ಕಾಯಿಸಿದರೆ ಇನ್ನೂ ಸಡಿಲ ಸಿಗುತ್ತದಲ್ಲ ಅಂತ ಅನ್ನಿಸಬಹುದು. ಅಲ್ಲೇ ಎಡವುವುದು. ಗೇರಿನ ಹಲ್ಲು ಗಟ್ಟಿ ಮಾಡಿದ ಉಕ್ಕು. ಕಾವು 200 ದಾಟಿ ಮೇಲೆ ಹೋದರೆ ಆ ಗಟ್ಟಿತನ ಇಳಿಯತೊಡಗುತ್ತದೆ. 220ರ ಹತ್ತಿರ ಹೊಳಪಿನ ಮೇಲೆ ಒಣಹುಲ್ಲಿನ ಬಣ್ಣ ಬರುತ್ತದೆ, 300ರ ಹತ್ತಿರ ನೀಲಿ. ನೀಲಿ ಬಂದ ಗೇರನ್ನು ನಾನು ಎಂಜಿನ್ನಿಗೆ ಹಾಕುವುದಿಲ್ಲ. ಗ್ಯಾಸ್ ಟಾರ್ಚ್ ಬೇಡ ಅನ್ನುವುದೂ ಇದಕ್ಕೇ. ಟಾರ್ಚಿನಲ್ಲಿ ಒಂದು ಕಡೆ 300 ಆಗಿರುತ್ತದೆ, ಎದುರು ಕಡೆ 90 ಇರುತ್ತದೆ. ತೂತು ಗುಂಡಗೆ ಹಿಗ್ಗುವುದೇ ಇಲ್ಲ. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವ ಪದ್ಧತಿ ಹಳೆಯದು, ಒಳ್ಳೆಯದೂ ಹೌದು, ಕಾವು ಎಲ್ಲಾ ಕಡೆಗೂ ಸಮನಾಗಿ ಸಿಗುತ್ತದೆ. ಆದರೆ ಮನೆಯೊಳಗೆ 170 ಡಿಗ್ರಿ ಎಣ್ಣೆಯ ಪಾತ್ರೆ ಇಟ್ಟುಕೊಂಡು, ಪಕ್ಕದಲ್ಲಿ ಮಗಳನ್ನೂ ನಿಲ್ಲಿಸಿಕೊಂಡು ಆ ಕೆಲಸ ಮಾಡೋಕೆ ನನಗೆ ಧೈರ್ಯ ಇಲ್ಲ. ನನ್ನದು ಒಂದು ಹಳೆಯ ಚಿಕ್ಕ ಕರೆಂಟ್ ಓವನ್. ಅಡುಗೆಗೆ ಅದನ್ನು ಬಳಸುವುದಿಲ್ಲ, ಲೋಹಕ್ಕೆ ಮಾತ್ರ.

ಓವನ್ನಿನ ಗುಂಡಿ 170 ಅಂದ ಮಾತ್ರಕ್ಕೆ ಒಳಗೆ 170 ಇರುವುದಿಲ್ಲ. ಮುಟ್ಟದೆ ದೂರದಿಂದಲೇ ಅಳೆಯುವ ಥರ್ಮಾಮೀಟರ್ ಗನ್ ಹೊಳೆಯುವ ಲೋಹದ ಮೇಲೆ ಸರಿಯಾಗಿ ಓದುವುದಿಲ್ಲ, ಕಮ್ಮಿ ತೋರಿಸುತ್ತದೆ. ಅದನ್ನು ನಂಬಿ ಕಾವು ಏರಿಸಿದರೆ ಗೇರ್ ಹಾಳು. ನಾನು ಒಳಗೊಂದು ಓವನ್ ಥರ್ಮಾಮೀಟರ್ ಇಟ್ಟೆ, ಮುಕ್ಕಾಲು ಗಂಟೆ ಬಿಟ್ಟೆ. ಜೊತೆಗೆ ಸೋಲ್ಡರ್ ತಂತಿಯ ಪರೀಕ್ಷೆ. ತವರ 63, ಸೀಸ 37 ಇರುವ ಸೋಲ್ಡರ್ ಕರಗುವುದು 183 ಡಿಗ್ರಿಗೆ. ಅದರ ತುದಿಯನ್ನು ಗೇರಿನ ಬದಿಗೆ ಮುಟ್ಟಿಸಿದಾಗ ಕರಗದಿದ್ದರೆ ನಾವು ಮಿತಿಯೊಳಗೆ ಇದ್ದೇವೆ ಅಂತ ಅರ್ಥ. ಎರಡು ಸೆಕೆಂಡಿನ ಕೆಲಸ, ಮನಸ್ಸಿಗೆ ಸಮಾಧಾನ.

ಕ್ರ್ಯಾಂಕನ್ನು ಫ್ರೀಜರಿನಲ್ಲಿಡುವ ಸಲಹೆಯೂ ನೀವು ಕೇಳಿರುತ್ತೀರಿ. ಮೈನಸ್ 18ಕ್ಕೆ ಇಳಿಸಿದರೆ ಈ ದಪ್ಪಕ್ಕೆ 20 ಮೈಕ್ರಾನ್ ಕುಗ್ಗುತ್ತದೆ. ಕಮ್ಮಿಯೇನಲ್ಲ. ಆದರೆ ಹೊರಗೆ ತಂದ ಮರುಕ್ಷಣ ಗಾಳಿಯ ತೇವ ಅದರ ಮೇಲೆ ಮಂಜಾಗಿ ಕೂರುತ್ತದೆ. ಆ ಮಂಜಿನ ಪದರ ನಾವು ಗಳಿಸಿದ 20 ಮೈಕ್ರಾನನ್ನೇ ತಿನ್ನಬಹುದು, ಆಮೇಲೆ ಗೇರಿನ ಕೆಳಗೆ ನೀರಾಗಿ ತುಕ್ಕು ಹಿಡಿಸಬಹುದು. ಗೇರ್ ಕಾಯಿಸಿಯೇ ಸಾಕಾಗುವಾಗ ಅದರ ಗೊಡವೆ ಬೇಡ ಅಂತ ಬಿಟ್ಟೆ.

ಈಗ ಮೊದಲನೇ ಸಲದ ಕಥೆ.

ದಪ್ಪ ಹಲಗೆಯಲ್ಲಿ ತೂತು ಕೊರೆದು, ಫ್ಲೈವೀಲ್ ಕಡೆಯ ತುದಿ ಕೆಳಗೆ ಬರುವಂತೆ ಕ್ರ್ಯಾಂಕನ್ನು ನೆಟ್ಟಗೆ ನಿಲ್ಲಿಸಿದ್ದೆ. ಆಯಿಲ್ ಓಡುವ ತೂತುಗಳನ್ನೆಲ್ಲ ಬ್ರಷ್ ಹಾಕಿ ಉಜ್ಜಿ, ಗಾಳಿ ಹೊಡೆದು, ಬಿಳಿ ಬಟ್ಟೆಗೆ ಕಪ್ಪು ಹತ್ತದಷ್ಟು ಸ್ವಚ್ಛ ಮಾಡಿದ್ದೆ. ಕೀ ಕೂರಿಸಿದ್ದೆ. ಅದು ಶಾಫ್ಟಿಗೆ ಸಮಾನಾಂತರವಾಗಿ ಮಲಗಿರಬೇಕು. ಅರ್ಧಚಂದ್ರದ ಕೀಯ ಗುಣವೇ ಅದು, ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತದೆ. ಎದ್ದ ತುದಿಗೆ ಗೇರ್ ತಗುಲಿದರೆ ಅಲ್ಲೇ ನಿಲ್ಲುತ್ತದೆ, ತಣ್ಣಗಾಗುತ್ತದೆ, ಮುಗಿಯಿತು. ಕೀ ಕೂರುವ ತೋಡಿನ ಅಂಚಿನಲ್ಲಿ ಬೆರಳಿಗೆ ತಾಕುವಷ್ಟು ಒಂದು ಚೂಪು ಎದ್ದಿತ್ತು. ಎಣ್ಣೆಗಲ್ಲಿನಲ್ಲಿ ಸವರಿ ತೆಗೆದೆ. ಹಳೆಯ ಗೀರನ್ನೂ ಹಾಗೆಯೇ ನಯ ಮಾಡಿದೆ, ಎದ್ದಿದ್ದನ್ನು ಮಾತ್ರ.

ಗೇರ್ ಯಾವ ಮುಖ ಯಾವ ಕಡೆ ಅನ್ನುವುದನ್ನೂ ನೋಡಿಕೊಂಡೆ. ತೂತಿನ ಒಂದು ಅಂಚು ಇಳಿಜಾರಾಗಿ ಕೊರೆದಿರುತ್ತದೆ, ಅದು ಕೆಳಗೆ, ಜರ್ನಲ್ (ಶಾಫ್ಟಿನಲ್ಲಿ ಬೇರಿಂಗ್ ಒಳಗೆ ಸುತ್ತುವ ನಯವಾದ ಭಾಗ) ಕಡೆಗೆ. ಎರಡು ಚುಕ್ಕಿ ಇರುವ ಮುಖ ಮೇಲೆ, ಪುಲ್ಲಿ ಕಡೆಗೆ. ಗೇರಿನ ಒಳಗಿನ ಕೀ ತೋಡಿನ ನೇರಕ್ಕೆ ಹಲ್ಲಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದೆ. ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡರೆ ಒಳಗಿನ ತೋಡು ಕಾಣುವುದಿಲ್ಲ, ಈ ಗೆರೆಯೇ ಕಣ್ಣು.

ಓವನ್ನಿಂದ ತೆಗೆದೆ. ಎರಡು ಹೆಜ್ಜೆ. ಗೆರೆಯನ್ನು ಕೀಗೆ ಹೊಂದಿಸಿದೆ, ಬಿಟ್ಟೆ. ತೊಟ್ಟಿಯಲ್ಲಿ ಕಲ್ಲು ಮುಳುಗಿದ ಹಾಗೆ ಅದು ತನ್ನಷ್ಟಕ್ಕೆ ಇಳಿದು, ಕೊನೆಯಲ್ಲಿ ‘ಟಣ್’ ಅಂತ ಸಣ್ಣ ಸದ್ದು ಮಾಡಿ ನಿಂತಿತು. ಉಕ್ಕು ಉಕ್ಕಿಗೆ ಪೂರ್ತಿ ತಾಗಿದ ಸದ್ದು ಅದು. ಒಂದು ಸಲ ಕೇಳಿದರೆ ಮರೆಯುವುದಿಲ್ಲ. ನಾನು ಒಂದು ಕೊಳವೆ ಇಟ್ಟು ಮೇಲಿನಿಂದ ಒತ್ತಿ ಹಿಡಿದುಕೊಂಡೆ. ತಣ್ಣಗಾಗುವಾಗ ಗೇರ್ ಕೆಲವು ಸಲ ಕೂತ ಜಾಗದಿಂದ ಚೂರು ಮೇಲಕ್ಕೆ ಸರಿಯುತ್ತದೆ. ಹಿಡಿತ ಸಿಗುವವರೆಗೆ ಕೈ ತೆಗೆಯಬಾರದು. ಆಮೇಲೆ ಗೇರಿಗೂ ಜರ್ನಲ್ ಅಂಚಿಗೂ ನಡುವೆ 0.05ರ ಫೀಲರ್ ಗೇಜ್ ಎಲೆ ತೂರಿಸಿ ನೋಡಿದೆ. ಯಾವ ಕಡೆಯೂ ತೂರಲಿಲ್ಲ. ಪೂರ್ತಿ ಕೂತಿದೆ. ನನಗಾದ ಖುಷಿ ಅಷ್ಟಿಷ್ಟಲ್ಲ.

ಹತ್ತು ನಿಮಿಷ ಆಗಿರಬೇಕು. ಮಗಳು ಶೆಲ್ಫ್ ಮೇಲಿನ ಎಣ್ಣೆ ಕಾಗದದ ಪೊಟ್ಟಣ ಬಿಚ್ಚಿ ಕೇಳಿದಳು.

“ಅಪ್ಪಾ, ಈ ಬಳೆ ಎಲ್ಲಿಗೆ ಹೋಗ್ಬೇಕು?”

ಅವಳ ಕೈಯಲ್ಲಿದ್ದದ್ದು ಮೂರನೇ ನಂಬರ್ ಮೇನ್ ಬೇರಿಂಗ್.

ಈ ಎಂಜಿನ್ನಿನ ಕ್ರ್ಯಾಂಕನ್ನು ಕೇಸಿನಲ್ಲಿ ಹೊತ್ತು ತಿರುಗಲು ಬಿಡುವುದು ನಾಲ್ಕು ಮೇನ್ ಬೇರಿಂಗ್. ಎರಡನೆಯದು ಮಾತ್ರ ಎರಡು ಹೋಳು. ಉಳಿದ ಮೂರೂ ಇಡೀ ಉಂಗುರ, ಥೇಟ್ ಬಳೆ. ಒಂದನೆಯದನ್ನು ಫ್ಲೈವೀಲ್ ತುದಿಯಿಂದ ತೊಡಿಸಬಹುದು. ನಾಲ್ಕನೆಯದು ಚಿಕ್ಕದು, ಪುಲ್ಲಿ ತುದಿಯಿಂದ ಕೊನೆಗೆ ಹೋಗುತ್ತದೆ. ಮೂರನೆಯದು ಕೂರುವ 55 ಮಿ.ಮೀ. ಜರ್ನಲ್ ಇರುವುದು ಟೈಮಿಂಗ್ ಗೇರಿನ ಹಿಂದೆ. ಒಂದು ಕಡೆ ಕ್ರ್ಯಾಂಕಿನ ತೋಳು, ಇನ್ನೊಂದು ಕಡೆ ಗೇರ್. ಗೇರ್ ಕೂತ ಮೇಲೆ ಅದಕ್ಕೆ ದಾರಿ ಇಲ್ಲ. ಆ ಬೇರಿಂಗ್ ಬದಲಾಯಿಸುವುದಕ್ಕೇ ತಾನೇ ನಾನು ಹಳೆಯ ಗೇರುಗಳನ್ನು ಕಿತ್ತಿದ್ದು!

ಫೀಲರ್ ಎಲೆ ಹಾಕಿ ನೋಡಿದೆ ಅಂದೆನಲ್ಲ, ಆಗಲೇ ಗೊತ್ತಾಗಬೇಕಿತ್ತು. ಬೇರಿಂಗ್ ಇದ್ದಿದ್ದರೆ ಆ ಸಂದಿಯ ಹತ್ತಿರಕ್ಕೆ ಎಲೆ ಅಷ್ಟು ಸಲೀಸಾಗಿ ಬರುತ್ತಲೇ ಇರಲಿಲ್ಲ. ಜರ್ನಲ್ ಹೊಳೆಯುತ್ತಾ ಕಣ್ಣೆದುರಿಗೇ ಇತ್ತು. ಗೇರ್ ಚೆನ್ನಾಗಿ ಕೂರಬೇಕು ಅನ್ನುವ ಒಂದೇ ಧ್ಯಾನದಲ್ಲಿ, ಅದರ ಹಿಂದೆ ಏನಿರಬೇಕು ಅನ್ನುವುದನ್ನು ನಾನು ನೋಡಲೇ ಇಲ್ಲ.

ಕೀಳುವುದು ಕಷ್ಟ. ಹಾಕುವಾಗ ಗೇರ್ ಬಿಸಿ, ಶಾಫ್ಟ್ ತಣ್ಣಗೆ. ಈಗ ಎರಡೂ ಅಂಟಿಕೊಂಡಿವೆ. ಗೇರಿಗೆ ಕೊಟ್ಟ ಬಿಸಿಯೆಲ್ಲ ಶಾಫ್ಟಿಗೂ ಹರಿಯುತ್ತದೆ, ಎರಡೂ ಒಟ್ಟಿಗೆ ಹಿಗ್ಗುತ್ತವೆ. ಎರಡು ಕಾಲಿನ ಪುಲ್ಲರ್ ಹಾಕಿದೆ. ಪುಲ್ಲರ್ ಸ್ಕ್ರೂ ನೇರವಾಗಿ ಶಾಫ್ಟಿನ ತುದಿಗೆ ಒತ್ತಿದರೆ ಒಳಗಿನ ಥ್ರೆಡ್ ಹಾಳಾಗುತ್ತದೆ. ಅದಕ್ಕೆ ಪುಲ್ಲಿ ಬೋಲ್ಟನ್ನು ಅರ್ಧ ತಿರುಗಿಸಿಟ್ಟು ಅದರ ತಲೆಯ ಮೇಲೆ ಒತ್ತಡ ಕೊಟ್ಟೆ. ಕಾಲುಗಳು ಹಲ್ಲಿಗೆ ತಾಗದಂತೆ, ಗೇರಿನ ಹಿಂದೆ ಎರಡು ಚಪ್ಪಟೆ ಉಕ್ಕಿನ ಪಟ್ಟಿ ಕೊಟ್ಟೆ. ಕಾಲು ಸುತ್ತು ಬಿಗಿ, ನಿಲ್ಲು. ಮತ್ತೆ ಕಾಲು ಸುತ್ತು. ಒಂದು ಹಂತದಲ್ಲಿ ‘ಪಟ್’ ಅಂತ ಗೇರ್ ಬಿಟ್ಟುಕೊಂಡಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಂತು. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಒಂದು ತೆಳು ಗೆರೆ ಬಿದ್ದಿತ್ತು. ನಯ ಮಾಡಿ, ಮರುದಿನ ಎರಡನ್ನೂ ಮತ್ತೆ ಅಳೆದೆ. ಬಿಗಿ ಹಾಗೇ ಇತ್ತು, 0.03ಕ್ಕೆ ಚೂರು ಕಮ್ಮಿ. ಗೇರ್ ಉಳಿಯಿತು.

ಎರಡು ವಾರ ನಾನು ಅದನ್ನು ಮುಟ್ಟಲಿಲ್ಲ. ಕೈಗೆ ಆತುರ ಇರುವಾಗ ಈ ಕೆಲಸ ಮಾಡಬಾರದು ಅನ್ನಿಸಿತು.

ಈ ಸಲ ಮಗಳು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಲ್ಲವನ್ನೂ ಹೋಗಬೇಕಾದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿದಳು. ಮೂರನೇ ಬೇರಿಂಗ್, ದೊಡ್ಡ ಕೀ, ಟೈಮಿಂಗ್ ಗೇರ್, ಸ್ಪೇಸರ್ ಉಂಗುರ, ಹಿತ್ತಾಳೆ ಗೇರ್, ಅದು ಜಾರದಂತೆ ತಡೆಯುವ ಸ್ಪ್ರಿಂಗ್ ಉಂಗುರ ಸರ್ಕ್ಲಿಪ್, ನಾಲ್ಕನೇ ಬೇರಿಂಗ್, ಆಯಿಲ್ ಎರಚುವ ತಟ್ಟೆ, ಪುಲ್ಲಿಯ ಚಿಕ್ಕ ಕೀ. ಒಂದೊಂದು ಹೋದ ಹಾಗೂ ಬಟ್ಟೆಯ ಮೇಲೆ ಅದರ ಜಾಗ ಖಾಲಿಯಾಗಬೇಕು. ನಡುವೆ ಏನಾದರೂ ಉಳಿದರೆ ನಿಲ್ಲಿಸಬೇಕು. ಇದು ಅವಳ ಐಡಿಯಾ.

ಬೇರಿಂಗಿಗೆ ಎಣ್ಣೆ ಸವರಿ ನಾನು ತೊಡಿಸಲು ಹೋದಾಗ ಅವಳೇ ತಡೆದಳು. “ತೂತು ಯಾವ ಕಡೆ?”

ಸರಿಯಾದ ಪ್ರಶ್ನೆ. ಈ ಬೇರಿಂಗ್ ತಿರುಗದಂತೆ ಕೇಸಿನಲ್ಲಿ ಒಂದು ಡೊವೆಲ್ ಪಿನ್ ಇರುತ್ತದೆ, ಬೇರಿಂಗಿನಲ್ಲಿ ಅದಕ್ಕೊಂದು ಗುಳಿ. ಗುಳಿ ನಡುಮಧ್ಯದಲ್ಲಿ ಇರುವುದಿಲ್ಲ, ಒಂದು ಅಂಚಿನ ಹತ್ತಿರ ಇರುತ್ತದೆ. ಆ ಅಂಚು ಫ್ಲೈವೀಲ್ ಕಡೆಗೆ ಬರಬೇಕು. ತಿರುವುಮುರುವಾದರೆ ಪಿನ್ ಗುಳಿಗೆ ಸಿಗುವುದಿಲ್ಲ, ಕೇಸ್ ಮುಚ್ಚುವಾಗ ಬೇರಿಂಗ್ ಜಜ್ಜಿಹೋಗುತ್ತದೆ. ಅದನ್ನು ಸರಿ ಮಾಡೋಕೂ ಮತ್ತೆ ಗೇರ್ ಕೀಳಬೇಕು. ಕ್ರ್ಯಾಂಕ್ ತಲೆಕೆಳಗಾಗಿ ನಿಂತಿರುವುದರಿಂದ ಗುಳಿ ಇರುವ ಅಂಚು ಕೆಳಗೆ. ಇಬ್ಬರೂ ನೋಡಿದೆವು, ಇಬ್ಬರೂ ಬೆರಳಿಟ್ಟು ಹೇಳಿದೆವು. ಆಮೇಲೆ ಗುಳಿಯ ನೇರಕ್ಕೆ ಬೇರಿಂಗಿನ ಹೊರಮೈ ಮೇಲೆ ಸೂಜಿಯಲ್ಲಿ ಒಂದು ಗೆರೆ ಗೀಚಿದೆ. ಮುಂದೆ ಕೇಸಿನಲ್ಲಿ ಮಲಗಿಸುವಾಗ ಪಿನ್ ಎಲ್ಲಿದೆ ಅಂತ ಹುಡುಕಾಡುವಂತಿಲ್ಲ.

ಗೇರ್ ತಣ್ಣಗಿರುವಾಗಲೇ ಮೂರು ಸಲ ಅಭ್ಯಾಸ ಮಾಡಿದೆವು. ಓವನ್ ಬಾಗಿಲು ತೆಗೆಯುವುದು ಅವಳು, ಗೇರ್ ಎತ್ತುವುದು ನಾನು, ಎರಡು ಹೆಜ್ಜೆ, ಗೆರೆ ಕೀಗೆ. ದಾರಿಯಲ್ಲಿ ಒಂದು ಸ್ಟೂಲ್ ಅಡ್ಡ ಇತ್ತು, ಸರಿಸಿದೆವು. ಬಿಸಿ ಗೇರ್ ಶಾಫ್ಟಿನ ಮೇಲೆ ಓರೆಯಾಗಿ ಒಂದೆರಡು ಸೆಕೆಂಡ್ ನಿಂತರೂ ಸಾಕು, ತಾಗಿದ ಕಡೆ ಕಾವು ಇಳಿದು ಕಚ್ಚಿಕೊಳ್ಳುತ್ತದೆ. ಹಾಗೆ ನಡುವೆ ನಿಂತರೆ ಸುತ್ತಿಗೆಗೆ ಕೈ ಹಾಕಬೇಡಿ. ಕೊಳವೆಯಿಟ್ಟು ನೇರಕ್ಕೆ ಒತ್ತಿ ನೋಡಿ, ಹೋಗದಿದ್ದರೆ ತಕ್ಷಣ ಪುಲ್ಲರ್ ಹಾಕಿ ಹೊರಗೆ ತೆಗೆಯಿರಿ, ಮತ್ತೆ ಕಾಯಿಸಿ.

ಒಂಬತ್ತೂವರೆಗೆ ಓವನ್ ತೆಗೆದೆವು. ಇಳಿಯಿತು. ಟಣ್.

ಒತ್ತಿ ಹಿಡಿದುಕೊಂಡೇ ಇದ್ದೆ, ಅವಳು ಅರವತ್ತರವರೆಗೆ ಎಣಿಸಿದಳು. ಕೈ ತೆಗೆದ ಮೇಲೆ ಮೊದಲು ಮಾಡಿದ್ದು ಬೇರಿಂಗನ್ನು ಬೆರಳಿನಿಂದ ತಿರುಗಿಸಿದ್ದು. ಗೇರಿನ ಕೆಳಗೆ ಅದು ಎಣ್ಣೆಯಲ್ಲಿ ಹಗುರಾಗಿ ಸುತ್ತಿತು.

ಹಿತ್ತಾಳೆ ಗೇರಿನ ಕೆಲಸ ಇದರ ಮುಂದೆ ಸುಲಭ. ಹಿತ್ತಾಳೆ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಮೀಟರಿಗೆ ಡಿಗ್ರಿಗೆ 19 ಮೈಕ್ರಾನ್. 120 ಡಿಗ್ರಿಗೇ ಟೈಮಿಂಗ್ ಗೇರಿನಷ್ಟು ಸಡಿಲ ಸಿಕ್ಕಿತು. ಸ್ಪೇಸರ್ ಹಾಕಿ, ಅದರ ಮೇಲೆ ಇದನ್ನು ಇಳಿಸಿ, ಮತ್ತೆ ಒತ್ತಿ ಹಿಡಿದೆ. ಇದು ಚೂರು ಮೇಲೆ ನಿಂತರೂ ಸರ್ಕ್ಲಿಪ್ ಕೂರುವ ತೋಡು ಮುಚ್ಚಿಹೋಗುತ್ತದೆ. ತೋಡು ಪೂರ್ತಿ ಕಾಣಿಸುತ್ತಿದೆ ಅಂದರೆ ಕೆಳಗಿನದೆಲ್ಲ ತಳಕ್ಕೆ ಕೂತಿದೆ ಅಂತ ಅರ್ಥ.

ಸರ್ಕ್ಲಿಪ್ ಹಾಕುವಾಗ ಇನ್ನೊಂದು ಎಚ್ಚರ. ಅದು ನಾಲ್ಕನೇ ಬೇರಿಂಗಿನ 40 ಮಿ.ಮೀ. ಜರ್ನಲ್ ಮೇಲೆ ಹಾದು ಬರಬೇಕು. ಈಗಷ್ಟೇ ಗ್ರೈಂಡ್ ಮಾಡಿಸಿದ ಕನ್ನಡಿಯಂಥ ಮೈ. ಸರ್ಕ್ಲಿಪ್ ತುದಿ ತಾಗಿದರೆ ಗೀರು ಬೀಳುತ್ತದೆ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಜರ್ನಲ್ ಸುತ್ತ ಸುತ್ತಿ, ಅದರ ಮೇಲೆ ಜಾರಿಸಿದೆ. ಹಳೆಯದನ್ನು ಮತ್ತೆ ಹಾಕಲಿಲ್ಲ, ಹೊಸದನ್ನೂ ಬೇಕಾದ್ದಕ್ಕಿಂತ ಅಗಲಿಸಲಿಲ್ಲ. ತೋಡಿಗೆ ಬಿದ್ದ ಮೇಲೆ ಸುತ್ತಲೂ ಉಗುರು ಆಡಿಸಿ, ಎಲ್ಲೂ ಎದ್ದಿಲ್ಲ ಅಂತ ನೋಡಿಕೊಂಡೆ. ಆಮೇಲೆ ನಾಲ್ಕನೇ ಬೇರಿಂಗ್, ಅದರ ಮೇಲೆ ಆಯಿಲ್ ತಟ್ಟೆ, ಬಟ್ಟಲಿನಂತೆ ತಗ್ಗಾದ ಬದಿ ಪುಲ್ಲಿ ಕಡೆಗೆ. ಬಟ್ಟೆಯ ಮೇಲೆ ಚಿಕ್ಕ ಕೀ ಒಂದೇ ಉಳಿದಿತ್ತು. ಅದೂ ಹೋಯಿತು.

ಭಾನುವಾರ ಬೆಳಿಗ್ಗೆ ಎಡಗಡೆಯ ಅರ್ಧ ಕೇಸಿನಲ್ಲಿ ಕ್ರ್ಯಾಂಕ್ ಮಲಗಿಸಿದೆವು. ನಾನು ಎರಡು ತುದಿ ಹಿಡಿದಿದ್ದೆ, ಅವಳು ಸೂಜಿ ಗೆರೆ ನೋಡುತ್ತಾ ಬೇರಿಂಗನ್ನು ಒಂದೊಂದು ಕೂದಲಷ್ಟು ತಿರುಗಿಸುತ್ತಿದ್ದಳು. ಪಿನ್ ಗುಳಿಗೆ ಬಿದ್ದಾಗ ಇಡೀ ಕ್ರ್ಯಾಂಕ್ ಮೆತ್ತಗೆ ಕೆಳಗಿಳಿಯಿತು. ಆಮೇಲೆ ಕ್ಯಾಮ್‌ಶಾಫ್ಟ್. ಕ್ಯಾಮ್ ಗೇರಿನ ಒಂದು ಚುಕ್ಕಿ ಕ್ರ್ಯಾಂಕ್ ಗೇರಿನ ಎರಡು ಚುಕ್ಕಿಗಳ ನಡುವೆ ಬರಬೇಕು. ಒಂದು ಹಲ್ಲು ಆಚೀಚೆ ಆದರೂ ವಾಲ್ವುಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತವೆ. ಮೊದಲ ಸಲ ಒಂದು ಹಲ್ಲು ತಪ್ಪಿತು, ಎತ್ತಿ ಸರಿ ಮಾಡಿದೆ.

ಹಲ್ಲು ಹಲ್ಲಿನ ನಡುವಿನ ಆಟ ಇದರಲ್ಲಿ ಸೊನ್ನೆಯಿಂದ 0.05 ಮಿ.ಮೀ. ಒಳಗೆ ಇರಬೇಕು. ಅದು ಸರಿ ಹೊಂದಲಿ ಅಂತಲೇ ಕ್ಯಾಮ್ ಗೇರನ್ನು ಚೂರು ಚೂರು ಹೆಚ್ಚುಕಮ್ಮಿ ಅಳತೆಯಲ್ಲಿ ಮಾಡಿ, ಹಿಂಬದಿಯಲ್ಲಿ ಪ್ಲಸ್ 1, ಮೈನಸ್ 1 ಅಂತೆಲ್ಲ ಒತ್ತಿರುತ್ತಾರೆ. ನಮ್ಮದು ಸೊನ್ನೆ. ಹೊಂದಿಕೆ ತೀರಾ ಬಿಗಿಯಾಗಿದೆಯೋ ಅಂತ ನೋಡೋಕೆ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಬೇಕು. ಬಿಗಿ ಜಾಸ್ತಿ ಇದ್ದರೆ ಕ್ಯಾಮ್‌ಶಾಫ್ಟ್ ತನ್ನ ಬೇರಿಂಗಿನಿಂದ ಮೇಲಕ್ಕೆ ಏಳುತ್ತದೆ.

“ನಾನು ತಿರುಗಿಸ್ಲಾ?” ಅಂದಳು.

“ನಿಧಾನಕ್ಕೆ, ಪುಟ್ಟಿ. ಹಿಂದಕ್ಕೆ.”

ಅವಳು ಕನೆಕ್ಟಿಂಗ್ ರಾಡ್‌ಗಳನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿದಳು. ನಾನು ಕ್ಯಾಮ್ ಮೇಲೆ ಬೆರಳಿಟ್ಟಿದ್ದೆ. ಚುಕ್ಕಿಗಳು ದೂರ ಸರಿದವು, ಕ್ರ್ಯಾಂಕ್ ಎರಡು ಸುತ್ತು ಹಾಕಿದ ಮೇಲೆ ಮತ್ತೆ ಬಂದು ಸೇರಿದವು. ಹಲ್ಲುಗಳಿಂದ ಎಣ್ಣೆಯ ಸಣ್ಣ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಕ್ಯಾಮ್ ಏಳಲಿಲ್ಲ.

“ಇನ್ನೊಂದು ಸಲ,” ಅಂದೆ. ಅವಳು ತಿರುಗಿಸಿದಳು.